ಎಂಟು ಗಂಟೆ ಕೇಳಿಸದಂತೆ ಕಾಯುವ ಏಮಸ್

ಬೆಳಗಿನ ಆರಕ್ಕೆ ಇನ್ನೂ ಕಾಲು ಗಂಟೆ ಇದೆ. ವೆನ್‌ಬರಿಯ ಮನೆಮಾಡುಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಕೂತಿದೆ. ರೊಟ್ಟಿ ಅಂಗಡಿಯ ಹೊಗೆ ಬಿಟ್ಟರೆ ಬೀದಿಯಲ್ಲಿ ಬೇರೇನೂ ಅಲುಗುತ್ತಿಲ್ಲ. ಚರ್ಚಿನ ಗೋಪುರದ ಕಿಂಡಿಗಳಲ್ಲಿ ಮಾತ್ರ ಒಂದು ತಗಡಿನ ಲಾಂದ್ರ ಒಮ್ಮೆ ಕಂಡು, ಒಮ್ಮೆ ಮರೆಯಾಗಿ, ಸುತ್ತಿಕೊಂಡು ಮೇಲೇರುತ್ತಿದೆ. ಅದನ್ನು ಹಿಡಿದವರು ಏಮಸ್ ಪಿಂಚ್‌ಬೆಕ್. ವಯಸ್ಸು ಐವತ್ತೆಂಟು, ಮೆಟ್ಟಿಲು ನೂರ ಹದಿನೆಂಟು. ಅರವತ್ತೆರಡನೆಯದು ಮುರಿದು ಎಷ್ಟೋ ವರ್ಷವಾಯಿತು. ಅಲ್ಲಿಗೆ ಬಂದಾಗ ಅವರ ಕಾಲು ಯಾರ ಅಪ್ಪಣೆಗೂ ಕಾಯದೆ ತಾನಾಗಿ ದೊಡ್ಡ ಹೆಜ್ಜೆ ಹಾಕುತ್ತದೆ.

ಮೇಲೆ ಗಡಿಯಾರದ ಕೋಣೆ. ಏಮಸ್ ಕೋಟು ಕಳಚಿ ಮೊಳೆಗೆ ಸಿಕ್ಕಿಸುತ್ತಾರೆ, ಅಂಗೈಗೆ ಉಗುಳಿಕೊಳ್ಳುತ್ತಾರೆ, ಕಬ್ಬಿಣದ ಹಿಡಿಕೆಗೆ ಎರಡೂ ಕೈ ಹಾಕುತ್ತಾರೆ. ಗಡಿಯಾರವನ್ನು ಓಡಿಸುವ ಕಲ್ಲುಗುಂಡುಗಳು ಒಂದು ದಿನದಲ್ಲಿ ಗೋಪುರದ ಬುಡದವರೆಗೆ ಇಳಿದಿರುತ್ತವೆ, ಅವುಗಳನ್ನು ಮತ್ತೆ ಮೇಲಕ್ಕೆ ಎಳೆದರೇ ಊರಿಗೆ ಇನ್ನೊಂದು ದಿನ. ಅದಕ್ಕೆ ಇನ್ನೂರ ಹತ್ತು ಸುತ್ತು.

"ನೂರೈವತ್ತರವರೆಗೆ ದೇವ್ರನ್ನ ನೆನೀತೀನಿ. ಅಲ್ಲಿಂದಾಚೆಗೆ ಈ ಗಡಿಯಾರ ಮಾಡಿದ ಪುಣ್ಯಾತ್ಮನ್ನ ನೆನೀತೀನಿ. ಅವನ ವಿಷಯ ಚರ್ಚೊಳಗೆ ಹೇಳೋ ಹಾಗಿಲ್ಲ" ಎನ್ನುತ್ತಾರೆ ಏಮಸ್.

ಗಡಿಯಾರಕ್ಕೆ ಕೀಲಿ ಕೊಡುವವರು ಇವರು ಎಂಬುದು ಊರಿಗೆಲ್ಲ ಗೊತ್ತು. ಹಗಲೆಲ್ಲ ಹೊಳೆದಂಡೆಯ ಅಂಗಡಿಯಲ್ಲಿ ಕೂತು ಬುಟ್ಟಿ ಹೆಣೆಯುವವರೂ ಇವರೇ. ಮೀನಿನ ಬುಟ್ಟಿ, ಬಟ್ಟೆಯ ಬುಟ್ಟಿ, ಮಕ್ಕಳ ತೊಟ್ಟಿಲು, ವೆನ್‌ಬರಿಯಲ್ಲಿ ಹುಟ್ಟಿದ ಅರ್ಧ ಜನ ಪಿಂಚ್‌ಬೆಕ್ ತೊಟ್ಟಿಲಲ್ಲೇ ಮೊದಲು ಅತ್ತದ್ದು. ಆದರೆ ಚಳಿಗಾಲದ ಆರು ಗುರುವಾರ ಅವರು ಮಾಡುವ ಇನ್ನೊಂದು ಕೆಲಸವಿದೆ. ಅದನ್ನು ಕಣ್ಣಾರೆ ಕಂಡವರು ಊರಲ್ಲಿ ಒಬ್ಬರೂ ಇಲ್ಲ.

ಆ ಆರು ಗುರುವಾರ ಸಂಜೆ ಏಳಕ್ಕೆ ಸಭಾಭವನದಲ್ಲಿ ಚಂದಾದಾರರ ಸಂಗೀತ ಕಚೇರಿ. ಶರತ್ಕಾಲದಲ್ಲೇ ಚಂದಾ ಕೊಟ್ಟು ಹೆಸರು ಬರೆಸಿದವರಿಗೆ ಮಾತ್ರ ಪ್ರವೇಶ. ವೈದ್ಯರು, ವಕೀಲರು, ಧಾನ್ಯದ ಸಗಟು ವ್ಯಾಪಾರಿಗಳು, ಅವರ ಹೆಂಡಂದಿರು, ಅವರ ಶಾಲುಗಳು. ಸಭಾಭವನಕ್ಕೂ ಚರ್ಚಿನ ಗೋಪುರಕ್ಕೂ ನಡುವೆ ಒಂದು ಗಲ್ಲಿ, ಅಗಲ ಹತ್ತು ಹೆಜ್ಜೆ. ಗೋಪುರದಲ್ಲಿ ಗಂಟೆ ಬಾರಿಸಿದರೆ ಭವನದ ಮೇಣದ ಬತ್ತಿಯ ಜ್ವಾಲೆಯೂ ನಡುಗುತ್ತದೆ. ಪಿಟೀಲಿನವರು ಉಸಿರು ಬಿಗಿಹಿಡಿದು ಕೂದಲೆಳೆಯಷ್ಟು ಸಣ್ಣ ಸ್ವರ ಎಳೆಯುತ್ತಿರುವಾಗ ಎಂಟಾದರೆ ಏನು ಗತಿ? ಆದ್ದರಿಂದ ಕಚೇರಿಯ ಸಂಜೆ ಎಂಟೂ ಹೊಡೆಯಬಾರದು, ಒಂಬತ್ತೂ ಹೊಡೆಯಬಾರದು. ಹೊಡೆಯದಂತೆ ಹಿಡಿದುಕೊಳ್ಳುವವರು ಏಮಸ್.

ಹಿಡಿದುಕೊಳ್ಳುವುದು ಎಂದರೆ ಕೈಯಲ್ಲೇ ಹಿಡಿದುಕೊಳ್ಳುವುದು. ಒಂದು ಬಲಿತ ಕುರಿಮರಿಯಷ್ಟು ತೂಕದ ಸುತ್ತಿಗೆ ಗಂಟೆಯ ಪಕ್ಕದಲ್ಲಿ ಮೇಲೇಳುತ್ತದೆ, ಬೀಳುತ್ತದೆ. ಬೀಳುವಾಗ ಏಮಸ್ ಅದರ ಕಾವಿಗೆ, ಎಂದರೆ ಹಿಡಿಕೆಗೆ, ಕೈ ಕೊಟ್ಟು ಮೆಲ್ಲಗೆ ಇಳಿಸುತ್ತಾರೆ, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ. ಎಂಟಕ್ಕೆ ಎಂಟು ಸಲ, ಒಂಬತ್ತಕ್ಕೆ ಒಂಬತ್ತು ಸಲ.

ಬೇರೆ ಉಪಾಯ ಮಾಡಿ ನೋಡಿಲ್ಲವೆಂದಲ್ಲ.

"ಮೊದಲನೇ ಕಚೇರಿಗೆ ಹುಲ್ಲು ತುಂಬಿದ ಚೀಲ ಅಡ್ಡ ಕಟ್ಟಿದ್ವಿ. ಒಂದೊಂದು ಏಟೂ ಸತ್ತ ಕುದುರೆಗೆ ಒದ್ದ ಹಾಗೆ ಕೇಳಿಸ್ತು. ಗಂಟೆನೇ ವಾಸಿ ಅಂದ್ರು. ಎರಡನೇ ಕಚೇರಿಗೆ ಸುತ್ತಿಗೇನ ಹಗ್ಗ ಹಾಕಿ ಬಿಗಿದ್ವಿ. ಆಗ ಗಡಿಯಾರಕ್ಕೆ ಲೆಕ್ಕಾನೇ ತಪ್ಪಿಹೋಯ್ತು. ಮಾರನೇ ದಿನ ಒಂಬತ್ತಕ್ಕೆ ಎಂಟು, ಹತ್ತಕ್ಕೆ ಒಂಬತ್ತು. ಪಾದ್ರಿಗಳು ಒಂದು ಮದುವೆಗೆ ಒಂದು ಗಂಟೆ ತಡವಾಗಿ ಬಂದ್ರು. ಅಷ್ಟೊತ್ತಿಗೆ ಮದುಮಗ ಕೂತು ಯೋಚನೆ ಮಾಡಿ ಎದ್ದು ಹೊರಟೇಹೋಗಿದ್ದ."

ಆಮೇಲೆ ಕೈಯೇ ಗತಿಯಾಯಿತು. ಕೈಗವಸು ಹಾಕಿದರೆ ಕಾವು ಜಾರುತ್ತದೆ. ಕಚೇರಿ ಸಮಿತಿಯವರು ಪ್ರೀತಿಯಿಂದ ಕೊಟ್ಟ ಉಣ್ಣೆಯ ಕೈಗವಸನ್ನು ಏಮಸ್ ಅವರ ಹೆಂಡತಿ ಕೀಜಿಯಾ ಸಂತೆಗೆ ಹಾಕಿಕೊಂಡು ಹೋಗುತ್ತಾರೆ. ಏಮಸ್ ಬರಿಗೈಗೆ ಕುರಿಕೊಬ್ಬು ಸವರಿಕೊಂಡು, ಏಳೂಮುಕ್ಕಾಲಿಗೇ ಗಂಟೆಯ ಪಕ್ಕ ಹೋಗಿ ನಿಲ್ಲುತ್ತಾರೆ. ಜನವರಿಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅದಕ್ಕೇ ಅಂಟುತ್ತದೆ. ಎರಡು ಚಳಿಗಾಲ ಬಲ ಭುಜ ಹಿಡಿದುಕೊಂಡು ಬುಟ್ಟಿ ಹೆಣೆಯಲಾಗದೆ ಕೂತದ್ದೂ ಉಂಟು. ಹತ್ತೊಂಬತ್ತು ಚಳಿಗಾಲ, ವರ್ಷಕ್ಕೆ ಆರು ಕಚೇರಿ, ಕಚೇರಿಗೆ ಹದಿನೇಳು ಏಟು. ಕೂಡಿದರೆ ಸಾವಿರದ ಒಂಬೈನೂರ ಮೂವತ್ತೆಂಟು.

ಚಂದಾ ಕೊಡದ ಊರಿಗೆ ಈ ವ್ಯವಸ್ಥೆ ಅಷ್ಟೇನೂ ಹಿಡಿಸಿಲ್ಲ. ಎಂಟು ಹೊಡೆದರೆ ಕ್ಷೌರದಂಗಡಿ ಮುಚ್ಚಬೇಕು, ಒಂಬತ್ತು ಹೊಡೆದರೆ ಹೆಂಡದಂಗಡಿಯಿಂದ ಗಂಡಂದಿರು ಏಳಬೇಕು. ಕಚೇರಿಯ ದಿನ ಯಾರೂ ಏಳುವುದಿಲ್ಲ. ಗಂಟೆ ಕೇಳಿಸಲೇ ಇಲ್ಲ ಎಂದು ಬೈಬಲ್ ಮುಟ್ಟಿ ಹೇಳುತ್ತಾರೆ, ಅದು ನಿಜವೂ ಹೌದು. ಮಾರನೇ ದಿನ ಅವರ ಹೆಂಡಂದಿರೆಲ್ಲ ಸಂತೆಯಲ್ಲಿ ಕೀಜಿಯಾ ಅವರನ್ನು ಹಿಡಿದು ಕೇಳುತ್ತಾರೆ: "ಚಂದಾ ಕೊಟ್ಟೋರು ಅವರ ಹಾಡು ಅವರು ತಗೊಳ್ಳಲಿ ಕಣಮ್ಮ. ನಮ್ಮ ಒಂಬತ್ತು ಗಂಟೆ ಯಾಕೆ ತಗೋತಾರೆ?"

ಇಷ್ಟು ವರ್ಷ ಎತ್ತಿ ಇಳಿಸಿದ್ದರಲ್ಲಿ ಒಂದು ಸಂಜೆ ಮಾತ್ರ ಏಮಸ್ ಸುತ್ತಿಗೆಯನ್ನು ಬಿಟ್ಟರು. ಅದು ಹೋದ ವರ್ಷದ ಡಿಸೆಂಬರಿನ ಕಚೇರಿ.

ಅಂದು ಹಾಡಬೇಕಾಗಿದ್ದವರು ಲಂಡನ್ನಿನ ಗಾಯಕಿ ಮಿಸ್ ಕಾನ್‌ಸ್ಟನ್ಸ್ ಎಲಿಂಗ್ಟನ್. ಅವರು ರೈಲಿನಲ್ಲಿ ಬರಬೇಕು. ರೈಲು ಊರೊಳಗೆ ಬಂದರೆ ಹಸುಗಳ ಹಾಲು ಬತ್ತುತ್ತದೆ ಎಂದು ನಮ್ಮ ಹಿರಿಯರು ಹಟ ಹಿಡಿದದ್ದರಿಂದ ನಿಲ್ದಾಣ ಹೊಳೆಯ ಆಚೆ ದಡದಲ್ಲಿದೆ. ಸೇತುವೆಗೆ ಹೋಗಬೇಕೆಂದರೆ ಮೂರು ಮೈಲು ಸುತ್ತು. ಎಲ್ಲರೂ ದಾಟುವುದು ಅಂಬಿಗ ಟಾಬಿ ಮಾರ್ಫ್ಲೀಟ್ ಅವರ ದೋಣಿಯಲ್ಲೇ. ಅಂದು ರೈಲು ತಡವಾಯಿತು. ಸಂಜೆಯಾಗುತ್ತಿದ್ದಂತೆ ಹೊಳೆಯಿಂದ ಮಂಜು ಎದ್ದು, ಹಾಲು ಉಕ್ಕಿದ ಹಾಗೆ ದಡ ಮೀರಿ, ಬೀದಿಗೆಲ್ಲ ಹರಿಯಿತು.

ಏಳಕ್ಕೆ ಕಚೇರಿ ಶುರುವಾಯಿತು. ವಾದ್ಯದವರು ತಮ್ಮ ಪಾಲಿನದ್ದನ್ನು ನುಡಿಸಿ ಮುಗಿಸಿದರು. ಗಾಯಕಿಯ ಸುಳಿವಿಲ್ಲ. ಸಭಿಕರು ಕೆಮ್ಮಲು ತೊಡಗಿದರು. ಆಗ ಸಮಿತಿಯ ಅಧ್ಯಕ್ಷರಾದ ಹೊರೇಶಿಯೊ ಬ್ರಂಬಿ ಎದ್ದುನಿಂತರು. ಬ್ರಂಬಿ ಧಾನ್ಯದ ದೊಡ್ಡ ವ್ಯಾಪಾರಿ, ಒಳ್ಳೆಯ ಮನುಷ್ಯ. ಎರಡು ಚಳಿಗಾಲ ಚಂದಾ ಸಾಲದೆ ಬಂದಾಗ ಭವನದ ಬೆಂಕಿಗೂಡಿಗೆ ತಮ್ಮ ಮನೆಯ ಕಲ್ಲಿದ್ದಲು ಸುರಿದವರು. ಅವರ ಕೋಟಿನ ಒಳಜೇಬಿನಲ್ಲಿ ಯಾವಾಗಲೂ ಒಂದು ಕೊಳಲು ಇರುತ್ತದೆ, ಅಗತ್ಯ ಬಿದ್ದರೆ ಇರಲಿ ಎಂದು. ಅಧ್ಯಕ್ಷರಾದ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಅಗತ್ಯ ಬಿದ್ದಿರಲಿಲ್ಲ. ಅಂದು ಬಿತ್ತು.

"ಗಾಯಕಿಯವರು ಬರೋತನಕ ಒಂದು ಸಣ್ಣ ಧಾಟಿ. ಅದನ್ನೇ ಇಪ್ಪತ್ತನಾಲ್ಕು ಬಗೆಯಲ್ಲಿ ನುಡಿಸ್ತೀನಿ" ಎಂದರು ಬ್ರಂಬಿ.

ಎಂಟು ಗಂಟೆಯ ಹೊತ್ತಿಗೆ ಹನ್ನೊಂದನೆಯ ಬಗೆ ನಡೆದಿತ್ತು.

ಗೋಪುರದ ಮೇಲೆ ಏಮಸ್ ಕೈಗೆ ಕೊಬ್ಬು ಸವರಿಕೊಂಡು ನಿಂತಿದ್ದರು. ಸುತ್ತಿಗೆ ಎದ್ದಿತು. ಒಂದು, ಹಿಡಿದರು. ಎರಡು, ಹಿಡಿದರು. ಮೂರನೆಯದನ್ನು ಇಳಿಸುವಾಗ ಹೊಳೆಯ ಕಡೆಯಿಂದ ಒಂದು ಕೂಗು ಕೇಳಿತು. ಟಾಬಿಯ ದನಿ ಏಮಸ್ ಅವರಿಗೆ ಚಿಕ್ಕಂದಿನಿಂದ ಗೊತ್ತು. ಆದರೆ ಕೂಗು ಬಂದದ್ದು ದೋಣಿಗಟ್ಟೆಯಿಂದಲ್ಲ, ಅದಕ್ಕಿಂತ ಬಹಳ ಕೆಳಗೆ, ಗಿರಣಿಯ ಒಡ್ಡಿನ ಹತ್ತಿರದಿಂದ. ಒಡ್ಡಿನಿಂದಾಚೆ ನೀರು ಎರಡಾಳು ಎತ್ತರದಿಂದ ಧುಮುಕುತ್ತದೆ.

"ಗಂಟೆ ಎಲ್ಲಿ ಹೋಯ್ತೋ!" ಎಂದು ಟಾಬಿ ಕೂಗುತ್ತಿದ್ದರು. "ಎಂಟಾಗ್ಲಿಲ್ವೇನ್ರೋ ಇನ್ನೂ!"

ಮಂಜಿನಲ್ಲಿ ದಡದ ದೀಪ ಕಾಣಿಸುವುದಿಲ್ಲ. ಆಗ ಅಂಬಿಗನಿಗೆ ದಿಕ್ಕು ಹೇಳುವುದು ಚರ್ಚಿನ ಗಂಟೆ ಒಂದೇ. ಕಚೇರಿಯ ಗುರುವಾರ ಗಂಟೆ ಕೇಳಿಸುವುದಿಲ್ಲ ಎಂಬುದು ಟಾಬಿಗೆ ಮರೆತೇಹೋಗಿತ್ತು.

"ನಾನು ಯೋಚನೆ ಗೀಚನೆ ಮಾಡ್ಲಿಲ್ಲ. ನಾಲ್ಕನೇದು ಎದ್ದಿತ್ತು, ಕೈ ತೆಗೆದುಬಿಟ್ಟೆ" ಎನ್ನುತ್ತಾರೆ ಏಮಸ್. "ಅದು ಬಿದ್ದಾಗ ನನ್ನ ಕಿವಿನೇ ಹಾರಿಹೋಯ್ತು. ಹತ್ತೊಂಬತ್ತು ವರ್ಷ ಅದರ ಪಕ್ಕದಲ್ಲೇ ನಿಂತಿದ್ದೆ, ಅಷ್ಟು ಹತ್ತಿರದಿಂದ ಒಂದು ಏಟೂ ಕೇಳಿರ್ಲಿಲ್ಲ ನೋಡಿ."

ಎಂಟರಲ್ಲಿ ಮೂರು ಹೋಗಿ ಉಳಿದದ್ದು ಐದು. ಐದು ಹೊಡೆದು ಗಡಿಯಾರ ಸುಮ್ಮನಾಯಿತು. ಟಾಬಿಯ ಕೂಗು ಇನ್ನೂ ಒಡ್ಡಿನ ಹತ್ತಿರವೇ ಇತ್ತು. ಏಮಸ್ ಸುತ್ತಿಗೆಯ ಕಾವಿಗೆ ಎರಡೂ ಕೈ ಹಾಕಿ ತಾವೇ ಎತ್ತಿದರು, ಬಿಟ್ಟರು. ಎತ್ತಿದರು, ಬಿಟ್ಟರು. ಒಮ್ಮೆ ಹೆಬ್ಬೆರಳು ಸುತ್ತಿಗೆಗೂ ಗಂಟೆಗೂ ನಡುವೆ ಸಿಕ್ಕಿ ಉಗುರು ಹೋಯಿತು. ಅದು ಗೊತ್ತಾದದ್ದು ಆಮೇಲೆ.

ಭವನದೊಳಗೆ ಮೊದಲ ಏಟಿಗೆ ಬ್ರಂಬಿ ಹುಬ್ಬು ಗಂಟಿಕ್ಕಿದರು. ಐದನೆಯದಕ್ಕೆ ಕಣ್ಣು ಮುಚ್ಚಿದರು. ಹತ್ತು ದಾಟಿದ ಮೇಲೆ ಗಂಟೆಗೂ ಕೊಳಲಿಗೂ ನೇರ ಪೈಪೋಟಿಯೇ ಬಿತ್ತು. ಅವರು ಹನ್ನೆರಡನೆಯ ಬಗೆಗೆ ಕೈ ಹಾಕಿದರು, ಗಂಟೆ ಹದಿನೈದು ಹೊಡೆಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಮಿಸೆಸ್ ಫೆನಿಕ್ ಎಂಬ ಮುದುಕಿಗೆ ಕಿವಿ ಅಷ್ಟಕ್ಕಷ್ಟೆ. ಕಚೇರಿಗೆ ಬರುವುದು ಬೆಚ್ಚಗೆ ಕೂರಲು. ಅವರಿಗೆ ಕೊಳಲು ಕೇಳಿಸದಿದ್ದರೂ ಗಂಟೆ ಕೇಳಿಸಿತು. ಕಿವುಡರ ಗಟ್ಟಿ ದನಿಯಲ್ಲಿ, "ದೇವ್ರು ದೊಡ್ಡೋನು, ಅಂತೂ ಮಧ್ಯರಾತ್ರಿ ಆಯ್ತು, ನಡೀರಿ ಮನೆಗೆ" ಎಂದು ಶಾಲು ಹೊದ್ದು ಎದ್ದೇಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದೇ ಸುಲಭ. ನಗದವರು ಬ್ರಂಬಿ ಒಬ್ಬರೇ. ಅವರು ಕೊಳಲನ್ನು ಒರೆಸಿ ಜೇಬಿಗೆ ಇಟ್ಟರು.

ಟಾಬಿಯ ಕೂಗು ದೋಣಿಗಟ್ಟೆಗೆ ಬಂದ ಮೇಲೆ, ನಲವತ್ತೊಂದಕ್ಕೆ ಗಂಟೆ ನಿಂತಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಮಿಸ್ ಎಲಿಂಗ್ಟನ್ ಒಳಗೆ ಬಂದರು. ಟೋಪಿಯ ಗರಿ ಒದ್ದೆ ಕೋಳಿಯ ಬಾಲವಾಗಿತ್ತು, ರೇಷ್ಮೆಯ ಅಂಚು ಮಂಡಿಯವರೆಗೆ ಕೆಸರು. ಹಿಂದೆ ಅವರ ಪೆಟ್ಟಿಗೆ ಹೊತ್ತ ಟಾಬಿ, ಟಾಬಿಯ ಹಿಂದೆ ದೋಣಿಯಲ್ಲಿದ್ದ ಇನ್ನೈದು ಜನ, ಅವರ ಹಿಂದೆ ಒಬ್ಬರ ಹಂದಿ. ಜನರನ್ನು ಒಳಗೆ ಬಿಟ್ಟರು. ಹಂದಿ ಬಾಗಿಲಲ್ಲೇ ನಿಂತಿತು, ಅದರ ಹೆಸರು ಚಂದಾ ಪಟ್ಟಿಯಲ್ಲಿರಲಿಲ್ಲ.

ಗಾಯಕಿ ಬಿಸಿ ವೈನು ಕುಡಿದು, ಒದ್ದೆ ಜೋಡಿನಲ್ಲೇ ನಿಂತು ಹಾಡಿದರು. ಅಂಥ ಹಾಡು ವೆನ್‌ಬರಿ ಕೇಳಿರಲಿಲ್ಲ. ನಡುವೆ ಒಂಬತ್ತಾಯಿತು. ಆಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಗೋಪುರದಲ್ಲಿ ಏಮಸ್ ರಕ್ತ ಸೋರುವ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಒಂಬತ್ತನ್ನೂ ಹಿಡಿದಿದ್ದರು.

ಮಾರನೇ ದಿನದಿಂದ ಪಿಂಚ್‌ಬೆಕ್ ದಂಪತಿಯ ಮನೆಗೆ ಕಾಣಿಕೆ ಬರತೊಡಗಿತು. ದೋಣಿಯವರಿಂದ ಒಂದು ಬುಟ್ಟಿ ಮೀನು ಬಂತು, ಅದು ಅರ್ಥವಾಗುವ ಮಾತು. ಆಮೇಲೆ ವಕೀಲರ ಮನೆಯ ಆಳು ಅರ್ಧ ಗುಂಡು ಚೀಸ್ ತಂದಿಟ್ಟು, "ಯಾಕೆ ಅಂತ ನಿಮಗೇ ಗೊತ್ತು" ಎಂದು ಕಣ್ಣು ಮಿಟುಕಿಸಿ ಹೋದ. ವೈದ್ಯರ ಮನೆಯಿಂದ ಎರಡು ಜೊತೆ ಕಾಲುಚೀಲ, "ಯಾಕೆ ಅಂತ ಕೇಳಬೇಡಿ." ಯಾರದೋ ಮನೆಯಿಂದ ಪ್ಲಮ್ ಹಣ್ಣಿನ ಮುರಬ್ಬ. ಶನಿವಾರ ಮುಸ್ಸಂಜೆ ಹಿತ್ತಲ ಬಾಗಿಲಲ್ಲಿ ನೀಲಿ ಹೂವಿನ ಪಾತ್ರೆಯಲ್ಲಿ ಒಂದು ದೊಡ್ಡ ಹಂದಿಮಾಂಸದ ಪೈ, ಹೇಳಿಹೋದವರಿಲ್ಲ, ಕೇಳಿಹೋದವರಿಲ್ಲ.

ಚಂದಾದಾರರೆಲ್ಲ ತಿಳಿದುಕೊಂಡದ್ದು ಒಂದೇ. ಏಮಸ್ ಗಂಟೆ ಹೊಡೆದದ್ದು ತಮ್ಮನ್ನು ಕೊಳಲಿನಿಂದ ಪಾರುಮಾಡಲು.

"ನಾನು ಹೊಡೆದದ್ದು ಟಾಬಿಗೆ!" ಎಂದು ಏಮಸ್ ತಲೆ ಮೇಲೆ ಕೈ ಹೊತ್ತು ಕೂತರು. "ಇದನ್ನೆಲ್ಲ ವಾಪಸ್ ಕೊಟ್ಟು ಬರ್ತೀನಿ."

"ಹೋಗು, ಕೊಟ್ಟು ಬಾ" ಎಂದರು ಕೀಜಿಯಾ. "ವಕೀಲರ ಮನೆ ಬಾಗಿಲು ತಟ್ಟಿ, 'ಅಧ್ಯಕ್ಷರ ಕೊಳಲು ನಿಂತದ್ದಕ್ಕೆ ನೀವು ಕಳಿಸಿದ ಚೀಸು ತಗೊಳ್ಳಿ' ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳು. ಅವರ ಮಾನ ಹೋಗುತ್ತೆ, ನಿನ್ನ ಚೀಸ್ ಹೋಗುತ್ತೆ. ಸುಮ್ನೆ ತಿನ್ನು ಏಮಸ್, ಹಾಳಾಗುತ್ತೆ."

ಪೈಯ ಪಾತ್ರೆಯನ್ನು ತೊಳೆಯುವಾಗ ಮಾತ್ರ ಕೀಜಿಯಾ ಅವರ ಕೈ ನಿಂತಿತು. ಅಂಚಿನಲ್ಲಿ ಒಂದು ಮುಕ್ಕು. ಅದರ ಹಿಂದಿನ ಕ್ರಿಸ್ಮಸ್ಸಿಗೆ ಪಾತ್ರೆ ತೊಳೆಯಲು ಕೂಲಿಗೆ ಹೋದಾಗ ಆ ಮುಕ್ಕು ಮಾಡಿದವರು ಅವರೇ. ಅದು ಬ್ರಂಬಿಯವರ ಮನೆಯ ಪಾತ್ರೆ. ಪೈ ಕಳಿಸಿದವರು ಮಿಸೆಸ್ ಬ್ರಂಬಿ. ಇಪ್ಪತ್ತನಾಲ್ಕು ಬಗೆಯನ್ನೂ ಮನೆಯಲ್ಲಿ ವರ್ಷಗಟ್ಟಲೆ ಕೇಳಿದವರು.

ಸೋಮವಾರ ಸಮಿತಿ ಏಮಸ್ ಅವರನ್ನು ಕರೆಸಿತು. ಒಂಬತ್ತು ಮಂದಿ ಮೇಜಿನ ಸುತ್ತ ಕೂತಿದ್ದರು. ಬ್ರಂಬಿ ಎರಡು ದಿನ ನಿದ್ದೆಗೆಟ್ಟವರಂತೆ ಕಂಡರು.

"ಎಂಟು ಗಂಟೆ ಗೊತ್ತು, ಹನ್ನೆರಡು ಗಂಟೆ ಗೊತ್ತು. ನಲವತ್ತೊಂದು ಗಂಟೆ ಯಾವ ದೇಶದಲ್ಲಿ ಹೊಡೀತದೆ ಪಿಂಚ್‌ಬೆಕ್?"

"ಗಡಿಯಾರದ್ದು ಐದೇ ಸ್ವಾಮೀ. ಉಳಿದ ಮೂವತ್ತಾರು ನಂದು."

"ಯಾರ ಅಪ್ಪಣೆ ಮೇಲೆ? ಕೆಳಗಿಳಿದು ಬಂದು ಒಂದು ಮಾತು ಹೇಳೋಕಾಗ್ತಿರಲಿಲ್ವಾ?"

"ಇಳಿಯೋಕೆ ನೂರ ಹದಿನೆಂಟು ಮೆಟ್ಟಿಲು, ಮತ್ತೆ ಹತ್ತೋಕೆ ನೂರ ಹದಿನೆಂಟು. ಅಷ್ಟರಲ್ಲಿ ಟಾಬಿ ಒಡ್ಡು ದಾಟಿಬಿಡ್ತಿದ್ದ ಸ್ವಾಮೀ."

ಟಾಬಿ ಬಾಗಿಲ ಹೊರಗಿನಿಂದಲೇ ಕೂಗಿದರು: "ದಾಟ್ತಿದ್ದೆ ಧಣೀ! ಹಂದಿ ಆಗ್ಲೇ ಪ್ರಾರ್ಥನೆ ಶುರು ಮಾಡಿತ್ತು!"

ಬ್ರಂಬಿ ಅದಕ್ಕೆ ಕಿವಿಗೊಡಲಿಲ್ಲ. "ನಿನ್ನ ಮನೆಗೆ ಕಾಣಿಕೆಗಳು ಬರ್ತಿವೆಯಂತೆ. ನಿಜವಾ?"

ವೈದ್ಯರು ಚಾವಣಿ ನೋಡಿದರು. ವಕೀಲರು ತಮ್ಮ ಜೋಡು ನೋಡಿಕೊಂಡರು.

"ನಿಜ ಸ್ವಾಮೀ. ಮೀನು, ಚೀಸು, ಕಾಲುಚೀಲ, ಮುರಬ್ಬ, ಒಂದು ಪೈ."

"ಯಾರು ಕಳಿಸಿದ್ದು?"

ಏಮಸ್ ಟೋಪಿಯನ್ನು ಕೈಯಲ್ಲಿ ತಿರುವಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲ. ನಿಜ ಹೇಳಿದರೆ ಒಂದು ಮನೆ ಒಡೆಯುತ್ತದೆ. "ಮೀನು ದೋಣಿಯೋರದು ಸ್ವಾಮೀ. ಮಿಕ್ಕಿದ್ದರ ಮೇಲೆ ಯಾರ ಹೆಸರೂ ಬರೆದಿರ್ಲಿಲ್ಲ."

ಏಮಸ್ ಅವರನ್ನು ತೆಗೆದುಹಾಕಬೇಕೇ ಬೇಡವೇ ಎಂದು ಕೈ ಎತ್ತಿಸಿದರು. ನಾಲ್ಕು ಜನ ಬೇಡವೆಂದರು, ನಾಲ್ಕು ಜನ ತೆಗೆಯಿರಿ ಎಂದರು. ಚೀಸ್ ಕಳಿಸಿದ ವಕೀಲರೂ ಕಾಲುಚೀಲ ಕಳಿಸಿದ ವೈದ್ಯರೂ ತೆಗೆಯಿರಿ ಎಂದವರಲ್ಲಿದ್ದರು, ತಮ್ಮ ಮೇಲೆ ಅನುಮಾನ ಬಾರದಿರಲಿ ಎಂದು. ಉಳಿದದ್ದು ಅಧ್ಯಕ್ಷರ ಒಂದು ಕೈ. "ಗುರುವಾರ ಹೇಳ್ತೀನಿ" ಎಂದು ಬ್ರಂಬಿ ಎದ್ದು ಹೋದರು.

ಗೋಪುರದಿಂದ ಹೊರಹಾಕಿದರೆ ಊಟಕ್ಕೇನೂ ಕೊರತೆಯಿರಲಿಲ್ಲ, ಬುಟ್ಟಿ ಇತ್ತಲ್ಲ. ಆದರೂ ಆ ಎರಡು ದಿನ ಏಮಸ್ ಹೆಣೆದ ಬುಟ್ಟಿಗಳೆಲ್ಲ ಸೊಟ್ಟಗಾದವು. "ಮಗನ್ನ ಸೈನ್ಯಕ್ಕೆ ಕಳಿಸಿದೋರ ಹಾಗೆ ಕೂತಿದ್ರು. ಆ ಸುತ್ತಿಗೇನೇ ಇವರಿಗೆ ಮಗು" ಎನ್ನುತ್ತಾರೆ ಕೀಜಿಯಾ.

ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ನೆರಳು ಬಿತ್ತು. ಬ್ರಂಬಿ ಒಬ್ಬರೇ ಬಂದಿದ್ದರು. ಕೂರಲು ಕುರ್ಚಿಯಿರಲಿಲ್ಲ, ಕಡ್ಡಿಯ ಹೊರೆಯ ಮೇಲೆ ಕೂತರು. ಕೂತವರ ಕಣ್ಣು ಎದುರಿನ ಹಲಗೆಯ ಮೇಲಿದ್ದ ನೀಲಿ ಹೂವಿನ ಪಾತ್ರೆಯ ಮೇಲೆ ನಿಂತಿತು.

"ಸಂತೇಲಿ ತಗೊಂಡದ್ದು ಸ್ವಾಮೀ" ಎಂದರು ಮೂಲೆಯಲ್ಲಿ ಕೂತಿದ್ದ ಕೀಜಿಯಾ, ಯಾರೂ ಕೇಳುವ ಮೊದಲೇ.

"ನಮ್ಮನೆ ಪಾತ್ರೆ ಸಂತೇಲೂ ಸಿಗುತ್ತಾ?" ಎಂದರು ಬ್ರಂಬಿ. ಆಮೇಲೆ ಅವರೇ ಮೆಲ್ಲಗೆ ಕೇಳಿದರು. "ಪೈ ಹೇಗಿತ್ತು?"

"ಉಪ್ಪು ಒಂಚೂರು ಜಾಸ್ತಿ ಸ್ವಾಮೀ" ಎಂದರು ಏಮಸ್.

"ಮನೇಲೂ ಹಾಗೇ."

ಏಮಸ್ ಕೈಯಲ್ಲಿದ್ದ ಕಡ್ಡಿಯನ್ನು ಬಗ್ಗಿಸುತ್ತ ಕೂತಿದ್ದರು. ಕೊನೆಗೆ ತಡೆಯಲಾರದೆ ಬಾಯಿಬಿಟ್ಟರು. "ಸ್ವಾಮೀ, ತಪ್ಪು ತಿಳೀಬೇಡಿ. ಅವತ್ತಿನಿಂದ ಒಂದು ಕೇಳಬೇಕು ಅಂತಿದ್ದೆ. ನಿಮ್ಮದು ಹನ್ನೊಂದನೇದರವರೆಗೆ ನಾನು ಮೇಲಿಂದ ಕೇಳಿದ್ದೆ. ಹನ್ನೊಂದನೇದರಲ್ಲಿ ಅದು ಮನೆ ದಾರಿ ತಪ್ಪಿ ಎಲ್ಲೆಲ್ಲೋ ಅಲೀತಾ ಇತ್ತು. ಆಮೇಲೆ ಟಾಬಿ ಕೂಗಿದ. ಅದು ಮನೆ ಸೇರ್ತಾ ಇಲ್ವಾ?"

ಬ್ರಂಬಿ ಅವರನ್ನೇ ನೋಡಿದರು. ಅವರ ಕೊಳಲನ್ನು ಹೊಗಳಿದವರು ಬಹಳ ಜನ, ಅವರೆಲ್ಲ ಸಾಲದ ಮೇಲೆ ಧಾನ್ಯ ಒಯ್ಯುವವರು. ಅದು ಮುಂದೇನಾಯಿತು ಎಂದು ಕೇಳಿದವರು ಈವರೆಗೆ ಒಬ್ಬರೂ ಇರಲಿಲ್ಲ. ಅವರ ಕೈ ಒಳಜೇಬಿಗೆ ಹೋಯಿತು.

ಹನ್ನೆರಡರಿಂದ ಇಪ್ಪತ್ತನಾಲ್ಕರವರೆಗೆ ಎಲ್ಲವನ್ನೂ ನುಡಿಸಿದರು. ಏಮಸ್ ಹೆಣೆಯುತ್ತಲೇ ಕೇಳಿದರು. ಹದಿನಾರರ ಹೊತ್ತಿಗೆ ಕೀಜಿಯಾ ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದರು. ಕೊಳಲು ನಿಂತಾಗ ಒಂದು ಮೀನಿನ ಬುಟ್ಟಿ ತಳದಿಂದ ಅಂಚಿನವರೆಗೆ ಸಿದ್ಧವಾಗಿತ್ತು, ಆ ವಾರದ ಮೊದಲ ನೆಟ್ಟಗಿನ ಬುಟ್ಟಿ.

"ಸೇರ್ತು ಸ್ವಾಮೀ" ಎಂದರು ಏಮಸ್. "ಇಪ್ಪತ್ತೊಂದರಲ್ಲಿ ನನಗೆ ಭಯ ಆಗಿತ್ತು. ಆದ್ರೂ ಸೇರ್ತು."

ಬ್ರಂಬಿ ಮೂಗು ಒರೆಸಿಕೊಂಡು ಎದ್ದರು. ಬಾಗಿಲಲ್ಲಿ ತಿರುಗಿ, "ಪಾತ್ರೆ ಇಲ್ಲೇ ಇರಲಿ. ನಾನು ನೋಡಿದ್ದು ಮನೇಲಿ ಗೊತ್ತಾಗೋದು ಬೇಡ" ಎಂದರು. ಗುರುವಾರ ಸಮಿತಿಯಲ್ಲಿ ಅವರ ಕೈ ಏಮಸ್ ಪರವಾಗಿ ಎದ್ದಿತು. ಜೊತೆಗೆ ಒಂದು ನಿರ್ಣಯವೂ ಆಯಿತು. ಮಂಜು ಬಿದ್ದ ದಿನ ಗಂಟೆ ಹೊಡೆಯಬಹುದು, ಎಷ್ಟು ಬೇಕಾದರೂ. ಹೊರಗಿನ ಗಾಯಕರು ಒಂದು ದಿನ ಮೊದಲೇ ಬಂದು ಇಳಿದುಕೊಳ್ಳಬೇಕು. ಈ ಎರಡನೆಯ ಮಾತಿಗೆ ಚಂದಾದಾರರು ಇನ್ನಿಲ್ಲದ ಹಾಗೆ ಚಪ್ಪಾಳೆ ತಟ್ಟಿದರು.

ಇಪ್ಪತ್ತನೆಯ ಚಳಿಗಾಲದ ಮೊದಲ ಕಚೇರಿ ಇವತ್ತು. ಇನ್ನೂರ ಹತ್ತನೆಯ ಸುತ್ತು ಮುಗಿಸಿ ಏಮಸ್ ಕೋಟು ಹಾಕಿಕೊಳ್ಳುತ್ತಿದ್ದಾರೆ. ಹೆಬ್ಬೆರಳಿನ ಉಗುರು ವಾರೆಯಾಗಿ ಬೆಳೆದಿದೆ. ಸಮಿತಿಯಿಂದ ಏನಾದರೂ ಬೇಕೇ ಎಂದರೆ ಬಹಳ ಹೊತ್ತು ಯೋಚಿಸಿ, ಗಂಟೆಯ ಪಕ್ಕ ಕೂರಲು ಒಂದು ಸ್ಟೂಲು ಸಿಕ್ಕರೆ ಒಳ್ಳೆಯದು ಎನ್ನುತ್ತಾರೆ. ಇಳಿದು ಬಂದರೆ, ಕೆಳಗೆ ಬಿಸಿ ಚಹಾ ಹಿಡಿದು ಕಾಯುತ್ತಿರುವ ಕೀಜಿಯಾ ಇದನ್ನು ಕೇಳಿ, "ಊರಿಗೆಲ್ಲ ತೊಟ್ಟಿಲು ಹೆಣೆಯೋನಿಗೆ ತನಗೊಂದು ಪೀಠ ಹೆಣ್ಕೊಳ್ಳೋಕೆ ಹತ್ತೊಂಬತ್ತು ವರ್ಷ ಸಾಲಲಿಲ್ಲ ನೋಡಿ" ಎಂದು ಲೋಟ ಕೈಗಿಡುತ್ತಾರೆ.

ಕಚೇರಿಯ ಕಾರ್ಯಕ್ರಮದ ಹಾಳೆಯಲ್ಲಿ ವಾದ್ಯದವರ ಹೆಸರಿದೆ, ಪಿಯಾನೊ ಶ್ರುತಿ ಮಾಡುವವರ ಹೆಸರಿದೆ, ಮೇಣದ ಬತ್ತಿ ಒದಗಿಸುವ ಅಂಗಡಿಯ ಹೆಸರೂ ಇದೆ. ಈ ಸಲ ನಿಮ್ಮ ಹೆಸರನ್ನೂ ಅಚ್ಚು ಹಾಕಿಸುತ್ತೇನೆ ಎಂದು ಬ್ರಂಬಿ ಹೇಳಿಕಳಿಸಿದ್ದರಂತೆ. ಏಮಸ್ ಬೇಡವೆಂದು ಹೇಳಿಕಳಿಸಿದ್ದಾರೆ.

"ಹೆಸರು ಹಾಕಿದ್ರೆ ಎಂಟು ಗಂಟೆ ಆಗ್ತಿದ್ದ ಹಾಗೆ ಎಲ್ರೂ ಕಿವಿ ನೆಟ್ಟಗೆ ಮಾಡ್ಕೊಂಡು ಕೂರ್ತಾರೆ, ಇವತ್ತು ಹಿಡೀತಾನೋ ಬಿಡ್ತಾನೋ ಅಂತ" ಎನ್ನುತ್ತಾರೆ ಚಹಾ ಊದುತ್ತ. "ಆಮೇಲೆ ಹಾಡು ಯಾರು ಕೇಳ್ತಾರೆ?"